ಚಂಪವ್ವನ ದನಿ ಹಿಡಿದವರು

"ಚಂಪಕ್ಕ ಅಳಾಕತ್ತಾಳೋ ಹಾಡಾಕತ್ತಾಳೋ ತಿಳೀವಲ್ದು. ಆದ್ರ ಕಿವಿಗೆ ಭಾಳ ಹಿತ ಐತ್ರಿ ಮೇಡಂ. ಕೆರಿ ದಂಡಿಗೆ ಕುಂತಂಗ ಆಗತೈತಿ," ಎಂದ ಈರಬಸು, ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು.

ಎದುರಿನ ಕಟ್ಟೆಯ ಮೇಲೆ ಹೆಣವಿತ್ತು. ಅದರ ಪಕ್ಕದಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದ ಚಂಪವ್ವ, ತೀರಿಹೋದ ತಂಗಿ ಸುಮಿತ್ರಾಳನ್ನು ನೆನೆದು ಬೆಳಗಿನ ಆರು ಗಂಟೆಯಿಂದ ಹಾಡಿಕೊಂಡು ಅಳುತ್ತಿದ್ದಳು. ಈಗ ಹನ್ನೊಂದಾಗಿತ್ತು. ಸುತ್ತ ನೆರೆದ ನಲವತ್ತು ಮಂದಿಯ ಕಿವಿಯ ಮೇಲೂ ಹೆಡ್‌ಫೋನು, ಸೊಂಟದಲ್ಲಿ ಬೆಂಕಿಪೊಟ್ಟಣದ ಗಾತ್ರದ ಡಬ್ಬಿ. ಕೆಲವರ ತಲೆಗಳು ಅವಳ ಅಳುವಿನ ಲಯಕ್ಕೆ ಮೆಲ್ಲಗೆ ತೂಗುತ್ತಿದ್ದವು.

ಆ ಡಬ್ಬಿಯನ್ನು ಮಾಡಿದವಳು ಈರಬಸುವಿನ ಪಕ್ಕದಲ್ಲೇ ನಿಂತಿದ್ದ ಡಾಕ್ಟರ್ ಮೃಣಾಲಿನಿ ಕಡಕೋಳ. ಈರಬಸು ಮಗ್ಗದ ಶೆಡ್ಡಿನ ಮೇಸ್ತ್ರಿ. ಮೂರು ವರ್ಷದ ಬಳಕೆಯ ವರದಿ ಬರೆಯಲು ಧಾರವಾಡದಿಂದ ಬಂದವಳನ್ನು ಅವನೇ ಸೀದಾ ಸತ್ತಮನೆಗೆ ಕರೆದುಕೊಂಡು ಬಂದಿದ್ದ. ಅವನ ಪ್ರಕಾರ ಡಬ್ಬಿಯ ಮಹಿಮೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಮಹಿಮೆ ಸುಳ್ಳೇನಲ್ಲ. ಬನಹಟ್ಟಿಯಲ್ಲಿ ಗಾಳಿಮಗ್ಗಗಳು ಬಂದ ಮೇಲೆ ಲಾಳಿಯ ಬಡಿತ ನಿಂತು ಸಿಳ್ಳು ಶುರುವಾಗಿತ್ತು. ಎಳೆಯನ್ನು ಗಾಳಿಯ ಪಿಚಕಾರಿಯಿಂದ ತೂರುವ ಯಂತ್ರಗಳವು. ದಿನಕ್ಕೆ ಎಂಟು ತಾಸು ಆ ಸಿಳ್ಳು ಕೇಳಿದವರಿಗೆ ನಿದ್ದೆ ಹೋಯಿತು, ತಲೆನೋವು ಮನೆಮಾಡಿತು. ಸದ್ದೆಂದರೆ ಗಾಳಿಯ ನಡುಕವಷ್ಟೇ. ಬೇಗಬೇಗ ನಡುಗಿದರೆ ಕೀರಲು, ನಿಧಾನ ನಡುಗಿದರೆ ಮಂದ್ರ. ಮೃಣಾಲಿನಿಯ ಡಬ್ಬಿ ಕೀರಲನ್ನು ಹೆರೆದು ಹಾಕಿ, ಮಂದ್ರವನ್ನು ಹತ್ತು ಪಟ್ಟು ಹಿಗ್ಗಿಸಿ ಕಿವಿಗೆ ಕೊಡುತ್ತಿತ್ತು. ಮಾತು ಕಳೆದುಹೋಗಬಾರದೆಂದು ಎತ್ತರದ ದನಿಗಳನ್ನು ಕೆಳಗಿಳಿಸಿ, ಗುಂಯ್‌ಗುಡುವ ಬೇಸ್ ಮಾಡುತ್ತಿತ್ತು. ಶೆಡ್ಡಿಗೆಂದು ಕೊಟ್ಟದ್ದನ್ನು ಜನ ಮನೆಗೂ ಒಯ್ದರು. ಈ ಶತಮಾನದ ಶುರುವಿನಲ್ಲಿ ಬಸ್ಸಿನಲ್ಲಿ ಪಕ್ಕದವರ ಮಾತು ಬೇಡವೆಂದು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂರುತ್ತಿದ್ದರಲ್ಲ, ಅವರ ಮೊಮ್ಮಕ್ಕಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

"ಹೆಣ ಯಾಕೆ ಎತ್ತಿಲ್ಲ?" ಮೃಣಾಲಿನಿ ಕೇಳಿದಳು.

"ದನಿ ಹಿಡೀಬೇಕಲ್ರಿ," ಎಂದಳು ಪಕ್ಕದ ಮನೆಯ ರೇಖಾ. "ನಮ್ಮ ಓಣ್ಯಾಗ ಒಬ್ಬಾಕಿ ಎತ್ತಿಕೊಂಡ ಅಳು ಇನ್ನೊಬ್ಬಾಕಿ ಹಿಡೀಬೇಕು. ನಿನ್ನ ಸಂಕಟ ನನಗ ಕೇಳಿತು ಅಂದಂಗ. ಆಮ್ಯಾಲೇ ಮೊದಲನೇದಾಕಿ ಬಿಡೋದು, ಹೆಣ ಏಳೋದು."

"ಹಾಗಾದ್ರೆ ನೀವೇ ಹಿಡೀರಿ."

"ಏನಂತ ಹಿಡೀಲಿ? ಅಕಿ ಏನಂತಾಳ ತಿಳಿದ್ರಲ್ಲ! ಮೊದಲೆಲ್ಲ ಸುಮಿತ್ರಕ್ಕನೇ ಹಿಡೀತಿದ್ಲು. ಈಗ ಅಕೀನ ಮಲಗ್ಯಾಳ."

"ಮಧ್ಯಾಹ್ನ ಪಾಳಿ ಐತಿ, ಲಗೂ ಮುಗಸ್ರಿ ಅಂದ್ರ ಈ ಮುದುಕಿ ಕೇಳವಲ್ಲದು," ಎಂದು ಈರಬಸು ಗೊಣಗಿದ. "ಡಬ್ಬಿ ಬ್ಯಾಡ ಅಂದಾಕಿ ಓಣ್ಯಾಗ ಈಗ ಇಕಿ ಒಬ್ಬಾಕೀನ ಉಳದಾಳ. ಹಟಮಾರಿ."

ಮೃಣಾಲಿನಿಗೆ ತನ್ನ ಹಳೆಯ ಪರೀಕ್ಷೆ ನೆನಪಾಯಿತು. ಡಬ್ಬಿ ಹಾಕಿಕೊಂಡವರಿಗೆ ನೂರು ಮಾತು ಆಡಿ ತೋರಿಸಿದರೆ ನೂರೂ ತಿಳಿಯುತ್ತವೆಯೇ ಎಂದು ನೋಡಿದ್ದಳು. ತಿಳಿದಿದ್ದವು. ಆದರೆ ಪರೀಕ್ಷೆಗೆ ಕೂತವರು ನೇಕಾರರು. ಮಗ್ಗದ ಗದ್ದಲದಲ್ಲಿ ಮೂರು ತಲೆಮಾರು ತುಟಿ ನೋಡಿಯೇ ಮಾತು ಓದಿದ ಜನ. ಅವರು ಕೇಳಿಸಿಕೊಂಡೇ ಇರಲಿಲ್ಲ, ಅದು ಅವಳಿಗೆ ಗೊತ್ತಾಗಿರಲಿಲ್ಲ. ಈಗ ಎದುರಿನ ತುಟಿಗಳು ಸೆರಗಿನ ಹಿಂದಿದ್ದವು.

ಮೂರು ವರ್ಷದಿಂದ ತಾನೂ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನನ್ನು ಅವಳು ತೆಗೆದಳು.

"ನನ್ನ ಬೆನ್ನಿಗೆ ಬಿದ್ದಾಕಿ, ನನಗಿಂತ ಮೊದಲ ಎದ್ದು ಹೊಂಟ್ಯಾ ತಂಗೀ... ಹರಿದ ಎಳಿಗೆ ಗಂಟ ಹಾಕಾಕಿ, ನನ್ನ ಯಾರ ಕೈಗೆ ಕೊಟ್ಯಾ ತಂಗೀ..." ಐದು ತಾಸಿನ ಅಳುವಿಗೆ ಸೀಳಿಹೋಗಿದ್ದ ದನಿ ಅದು. ಮೃಣಾಲಿನಿಯ ಹಲ್ಲು ಜುಮ್ಮೆಂದಿತು. ಸದಾ ಕತ್ತಲಲ್ಲಿದ್ದ ಕಣ್ಣಿಗೆ ಬಿಸಿಲು ಬಿದ್ದರೆ ಹೇಗೋ ಹಾಗೆ. ವರ್ಷಗಟ್ಟಲೆ ಮಂದ್ರದಲ್ಲಿ ಅದ್ದಿಟ್ಟ ಕಿವಿಗೆ ಅಳು ನೋವಾಗಿ ಚುಚ್ಚುತ್ತಿತ್ತು.

"ನೀವೂ ತೆಗೀರಿ. ಎಲ್ಲರೂ ತೆಗೀರಿ!" ಎಂದು ಕೂಗಿ ಕೈಸನ್ನೆ ಮಾಡಿದಳು.

ನಾಲ್ಕಾರು ಜನ ತೆಗೆದರು. ರೇಖಾ ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರಿಸಿದಳು. "ಯವ್ವಾ, ಸೂಜಿ ಚುಚ್ಚಿದಂಗ ಆತ್ರಿ! ಇದನ್ನ ಹೆಂಗ ಕೇಳೂದು?" ಎಂದವಳು ಮತ್ತೆ ಸಿಕ್ಕಿಸಿಕೊಂಡು ನಿಟ್ಟುಸಿರು ಬಿಟ್ಟಳು. ಉಳಿದವರೂ ಹಾಗೆಯೇ ಮಾಡಿದರು. ಮೃಣಾಲಿನಿ ತಾನೇ ದನಿ ಹಿಡಿಯಲು ಬಾಯಿ ತೆರೆದಳು. ಒಂದು ಕೆಮ್ಮು ಬಂತು, ಅಷ್ಟೇ. ಸ್ವಲ್ಪ ಹೊತ್ತಿಗೆ ಅವಳ ಕೈ ಕೂಡ ಹೆಡ್‌ಫೋನನ್ನು ಕಿವಿಗೆ ಏರಿಸಿತ್ತು. ಕೆರೆಯ ದಂಡೆ ಮರಳಿ ಬಂತು.

ಅಷ್ಟರಲ್ಲಿ ಈರಬಸು ಶೆಡ್ಡಿನಿಂದ ಇನ್ನೊಂದು ಡಬ್ಬಿ ತಂದಿದ್ದ. "ಸಮಾಧಾನ ಅಕಿಗೂ ಬೇಕಲ್ರಿ," ಎನ್ನುತ್ತ, ಯಾರೂ ಬೇಡ ಎನ್ನುವ ಮೊದಲೇ, ಸೆರಗು ಸರಿಸಿ ಚಂಪವ್ವನ ತಲೆಗೆ ಹೆಡ್‌ಫೋನ್ ತೊಡಿಸಿದ. ಮುದುಕಿ ಕೊಸರಿಕೊಂಡಳು. ಇಬ್ಬರು ಕೈ ಹಿಡಿದರು. ಅವಳು ಮತ್ತೊಂದು ಸಲ "ತಂಗೀ..." ಎಂದು ಎಳೆದಳು.

ಆಮೇಲೆ ನಿಂತುಬಿಟ್ಟಳು. ಕತ್ತು ಓರೆ ಮಾಡಿ ಆಲಿಸಿದಳು. ಇನ್ನೊಮ್ಮೆ ಎಳೆದಳು, ಇನ್ನೊಮ್ಮೆ ಆಲಿಸಿದಳು. ಅವಳ ಮುಖ ಸಡಿಲವಾಯಿತು.

"ನೋಡ್ರಿ!" ಈರಬಸು ಗೆದ್ದವನಂತೆ ನಕ್ಕ. "ಐದು ತಾಸಿನ ಅಳು ಐದು ನಿಮಿಷದಾಗ ಬಂದ್! ಎತ್ರಿ, ಎತ್ರಿ ಹೆಣ."

ಏನಾಯಿತೆಂದು ಮೃಣಾಲಿನಿಯೊಬ್ಬಳಿಗೇ ಗೊತ್ತಿತ್ತು. ದನಿಯನ್ನು ಕೆಳಗಿಳಿಸಲು ಡಬ್ಬಿಗೆ ಅರೆಕ್ಷಣ ಬೇಕು. ಆಡುಮಾತಿನಲ್ಲಿ ಅದು ಗೊತ್ತಾಗುವುದಿಲ್ಲ. ಎಳೆದು ಹಾಡಿದರೆ ಮಾತ್ರ, ಹಾಡಿದವರ ದನಿಯೇ ತಗ್ಗಿ, ದಪ್ಪಗಾಗಿ, ತುಸು ತಡವಾಗಿ, ಬೇರೆ ಯಾರದೋ ಎಂಬಂತೆ ಹಿಂದಿರುಗುತ್ತದೆ.

ಚಂಪವ್ವ ಕೆಂಪು ಕಣ್ಣು ತೆರೆದು ಸುತ್ತಲಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಗೆ ಅವಳ ನೋಟ ಪರವೂರ ಹೆಣ್ಣಿನ ಮೇಲೆ ನಿಂತಿತು.

"ಯಾರವ್ವಾ ಹಿಡದಾಕಿ? ನನ್ನ ತಂಗಿ ಸಂಬಂಧ ಅಷ್ಟು ಎದಿಯಾಗಿಂದ ಅತ್ತಾಕಿ ಯಾರು? ನೀನೇನು?"

ಮೃಣಾಲಿನಿ ಅವಳ ತುಟಿಗಳನ್ನು ನೋಡಿದಳು. ಹೆಣ ಆಗಲೇ ಹೆಗಲೇರಿತ್ತು.

"ಹೂಂ," ಎಂದಳು. "ನಾನೇ."

ಚಂಪವ್ವ ಎರಡೂ ಅಂಗೈಗಳಿಂದ ಮೃಣಾಲಿನಿಯ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಹಣೆಯ ಅಂಚಿಗೆ ಒತ್ತಿ ನೆಟಿಗೆ ಮುರಿದಳು. ಹತ್ತೂ ಬೆರಳು ಮಡಚಿದ್ದು ಮೃಣಾಲಿನಿಗೆ ಹತ್ತಿರದಿಂದಲೇ ಕಂಡಿತು. ಒಂದರ ಸದ್ದೂ ಕೇಳಿಸಲಿಲ್ಲ.