ಹೆಚ್ಚಾದ ಅಂಗಡಿ

ಚಿತ್ರದ ಕತೆ ಹೇಳಲು ಚಿತ್ರ ಬಲ್ಲವರೇ ಬೇಕು. ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾರದ ಕೈ ಇದನ್ನು ಬರೆಯುತ್ತಿದೆ. ತಪ್ಪಿದ್ದರೆ ಮನ್ನಿಸಿ, ಮಕ್ಕಳೇ.

"ಏ, ಸರಿಯೋ! ನೆರಳು ಬೀಳ್ಲತ್ತದ!" ಎಂದು ಅಪೂರ್ವ ಚೀರಿದಳು.

ಅಣ್ಣ ಅಮೇಯ ಸೈಕಲ್ ಹಿಂದಕ್ಕೆ ತಳ್ಳಿದ. "ರೋಡ್ ನಡು ಕುಂತು ನನಗ ಸರಿ ಅಂತೀಯಲ್ಲ! ಬಂದ್ ಇಲ್ಲದಿದ್ರ ಲಾರಿ ನಿನ್ನ ಹಪ್ಪಳ ಮಾಡ್ತಿತ್ತು."

ಅದು ನಿಜ. ತೆಲಂಗಾಣ ರಾಜ್ಯ ಬೇಕೆಂದು ಅಂದು ತಾಂಡೂರು ಬಂದ್. ಶಾಲೆ ಇಲ್ಲ, ಬಸ್ ಇಲ್ಲ, ಕಲ್ಲು ಹೇರುವ ಲಾರಿಗಳೂ ಇಲ್ಲ. ಖಾಲಿ ರಸ್ತೆಯಲ್ಲಿ ಗೋಣಿಚೀಲ ಹಾಸಿಕೊಂಡು ಅಪೂರ್ವ ಎದುರಿನ ಹಳೇ ಕಟ್ಟಡದ ಚಿತ್ರ ಬರೆಯುತ್ತಿದ್ದಳು. ಮೇಲೆ ಮರದ ಬಾಲ್ಕನಿ, ಕೆಳಗೆ ಕಮಾನು, ಕಮಾನಿನೊಳಗೆ ಜಗದೇವಿ ಅಜ್ಜಿಯ ಬಳೆ ಅಂಗಡಿ. ಕಮಾನಿನ ಕಂಬದ ಮೇಲೆ ರಸ್ತೆಯ ಅಳತೆಗೆ ಮುನ್ಸಿಪಾಲ್ಟಿಯವರು ಎಳೆದ ಕೆಂಪು ಗೆರೆ.

ಚಿತ್ರ ಕೇಳಿದ್ದು ಅಜ್ಜಿಯೇ. "ರೋಡ್ ದೊಡ್ಡದು ಮಾಡ್ತಾರಂತವ್ವಾ. ಬಂದ್ ಮುಗದ ಮ್ಯಾಲ ನಾನೂ ಅಂಗಡಿ ಹೆಚ್ಚ ಮಾಡ್ತೀನಿ. ಅದಕ್ಕ ಮೊದಲ ಒಂದು ಚಿತ್ರ ಬರಕೊಡು."

ರಸ್ತೆಯೂ ದೊಡ್ಡದು, ಅಂಗಡಿಯೂ ದೊಡ್ಡದು! ಅಪೂರ್ವ ಖುಷಿಯಿಂದ ಬಾಲ್ಕನಿಯ ಮೇಲೆ ಇನ್ನೊಂದು ಮಹಡಿ ಏರಿಸಿದಳು, ಅಂಗಡಿಗೆ ಗಾಜಿನ ಬಾಗಿಲು ಇಟ್ಟಳು.

"ಡ್ರಾಯಿಂಗ್ ಸರ್ ಏನಂದಾರ? ಕಂಡದ್ದು ಕಂಡಂಗ ಬರೀರಿ ಅಂದಾರ. ನಿನಗ ಗ್ಲಾಸ್ ಡೋರ್ ಎಲ್ಲಿ ಕಂಡ್ತು?" ಅಮೇಯ ನಕ್ಕ.

"ಸರ್‌ಪ್ರೈಜ್ ಅದು! ನಿನಗೇನ್ ತಿಳೀತದ, ಹೋಗ!"

ಹಾಳೆ ಹಿಡಿದು ಅವಳು ಅಂಗಡಿಗೆ ಓಡಿದಳು. ಅರ್ಧ ತೆರೆದ ಬಾಗಿಲ ಹಿಂದೆ ಅಜ್ಜಿ ಬಳೆಗಳನ್ನು ಟ್ರಂಕಿಗೆ ತುಂಬುತ್ತಿದ್ದರು. ಕನ್ನಡಕ ಏರಿಸಿ ಚಿತ್ರ ನೋಡಿದರು. ಬಹಳ ಹೊತ್ತು ನೋಡಿದರು.

"ಇದು ಯಾರ ಮನೀನವ್ವಾ?"

"ನಿಮ್ದೇ ರೀ! ಹೆಚ್ಚಾದ ಮ್ಯಾಲಿಂದು!"

ಅಜ್ಜಿ ಹಾಳೆಯನ್ನು ಅವಳ ಕೈಗೆ ಕೊಡಹೋದರು. ಕೈಯಲ್ಲಿದ್ದ ಹಸಿರು ಬಳೆ ಜಾರಿ ಬಿದ್ದು ಎರಡು ತುಂಡಾಯಿತು.

"ಬಳಿ ಹೆಚ್ಚಾತು ನೋಡು," ಎಂದರು.

"ಹೆಚ್ಚಾತು? ಒಡೀತಲ್ರಿ!"

"ಶ್! ಹಂಗ ಅನಬಾರದು. ಬಳಿ ಒಡೀತು, ದೀಪ ಆರ್ತು, ಅಂಗಡಿ ಮುಚ್ಚೀವಿ ಅಂತ ಬಾಯಿಲೆ ಆಡಬಾರದವ್ವಾ. ಎಲ್ಲಾ ಹೆಚ್ಚಾತು ಅನಬೇಕು."

ಅಪೂರ್ವ ಬಳೆಯ ತುಂಡು ನೋಡಿದಳು. ಟ್ರಂಕು ನೋಡಿದಳು. ಹೊರಗೆ ಕಂಬದ ಮೇಲಿನ ಕೆಂಪು ಗೆರೆ ನೋಡಿದಳು.

ಹಾಳೆ ಹಿಡಿದು ಬಂದು ಗೋಣಿಚೀಲದ ಮೇಲೆ ಕುಳಿತು ರಬ್ಬರ್ ತೆಗೆದಳು. ಮಹಡಿ ಹೋಯಿತು. ಗ್ಲಾಸ್ ಡೋರ್ ಹೋಯಿತು.

"ಯಾಕ?" ಎಂದ ಅಮೇಯ.

"ಪೆನ್ಸಿಲ್ ಚೂಪು ಮಾಡಿಕೊಡು."

ಅವಳ ಮುಖ ನೋಡಿ ಅವನು ಮಾಡಿಕೊಟ್ಟ. ವಾಲಿದ ಬಾಲ್ಕನಿ, ಗೋಡೆ ಸೀಳಿ ಬಂದ ಅರಳಿ ಚಿಗುರು, ಬಳೆ ತೊಡಲು ಕುಳಿತವರಿಂದ ಸವೆದ ಹಾಸುಗಲ್ಲು ಒಂದೊಂದಾಗಿ ಹಾಳೆಗೆ ಬಂದವು. ಕೆಂಪು ಬಣ್ಣಕ್ಕೆ ಕುಂಚ ಅದ್ದಿದಳು, ಕಂಬದ ಹತ್ತಿರ ಬಂದು ಕೈ ತಡೆದಳು.

ಸಂಜೆ ಅಜ್ಜಿ ಬಾಗಿಲಿಗೆ ಬಂದರು. "ಮುಗೀತೇನವ್ವಾ?"

"ಮು..." ಅಪೂರ್ವ ತುಟಿ ಕಚ್ಚಿದಳು. "ಹೆಚ್ಚಾತ್ರಿ, ಅಜ್ಜಿ."

ಅಜ್ಜಿ ಅವಳ ಕೆನ್ನೆ ಮುಟ್ಟಿದರು. ಚಿತ್ರವನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟುಕೊಂಡರು.

ಅದರಲ್ಲಿ ಆ ಕೆಂಪು ಗೆರೆ ಇತ್ತೋ ಇಲ್ಲವೋ, ಈ ಕತೆ ಬರೆದವರಿಗೂ ಗೊತ್ತಿಲ್ಲ.