ಮು. ಅಂದರೆ ಅಪ್ಪ

"ರೀ ಸಾರ್, ನಮ್ಮಪ್ಪನ್ನ ಮುಂದೂಡೋಕೆ ನೀವ್ಯಾರು?"

ದಾಖಲೆ ಕಚೇರಿಯ ಗುಮಾಸ್ತ ತಬ್ಬಿಬ್ಬಾದ. ಕಿಟಕಿಯಾಚೆ ನಿಂತಿದ್ದ ಟೈಲರ್ ಹುಡುಗಿ ಕೈಕೆಲಸ ಬಿಟ್ಟು ಓಡಿ ಬಂದಿದ್ದಳು. ತೋಳಿಗೆ ಸಿಕ್ಕಿಸಿದ್ದ ಗುಂಡುಪಿನ್ನು ಹಾಗೇ ಇತ್ತು.

ತಪ್ಪು ಅವನದೇ. ಪೌರತ್ವದ ಮೇಲ್ಮನವಿ ಅರ್ಜಿಯಲ್ಲಿ ಅವಳ ಹೆಸರಿನ ಮುಂದೆ 'ಮು.' ಎಂದಿತ್ತು. ಆ ಕಚೇರಿಯಲ್ಲಿ 'ಮು.' ಎಂದರೆ ಮುಂದೂಡಿದ್ದು. ಸರಿ, ಪುಣ್ಯಾತ್ಮ ಅದನ್ನು ಮುಂದೂಡಿದ ಅರ್ಜಿಗಳ ಕಟ್ಟಿಗೆ ತುರುಕಿ ಕೈ ತೊಳೆದುಕೊಂಡಿದ್ದ!

"ನಮ್ಮ ತಮಿಳರಲ್ಲಿ ಮನೆತನದ ಹೆಸರು ಅಂತ ಇರಲ್ಲ. ಅಪ್ಪನ ಹೆಸರಿನ ಮೊದಲಕ್ಷರ ಇಟ್ಕೋತೀವಿ."

"ಹಾಗಾದ್ರೆ ನಿಮ್ಮಪ್ಪಂಗೆ?"

"ತಾತನ ಅಕ್ಷರ."

"ತಾತಂಗೆ?"

"ಮುತ್ತಾತಂದು. ನಿಮಗೆ ಬೇರೆ ಕೆಲಸ ಇಲ್ವಾ?" ತುಟಿ ಬಿಗಿಹಿಡಿದಳು. ಎಡಗೆನ್ನೆ ಮಾತ್ರ ಮಾತು ಕೇಳದೆ ನಕ್ಕುಬಿಟ್ಟಿತು. ಗುಮಾಸ್ತ ಅಲ್ಲೇ ಬಿದ್ದ.

ಅವಳು ಹೋದ ಮೇಲೆ ಕಡತ ತೆಗೆದು ಓದಿದ. ದುಡಿಮೆಗೆಂದು ಕಡಲು ದಾಟಿ ಬಂದವನು ಮುತ್ತಾತ. ತಾತ, ಅಪ್ಪ, ಇವಳು ಹುಟ್ಟಿದ್ದು ಇದೇ ಊರಲ್ಲಿ. ಆದರೂ ಜನಾಂಗದ ಕಾಲಮ್ಮಿನಲ್ಲಿ 'ಬಂದವರು'. ಹಾಗೆ ಬರೆಸಿಕೊಂಡವರು ಮಾತ್ರ, ಪೌರತ್ವ ಬೇಕೆಂದರೆ, ಇಲ್ಲೇ ಹುಟ್ಟಿದ ತಾತನ ಮೊಮ್ಮಕ್ಕಳೆಂದು ರುಜುವಾತು ಮಾಡಬೇಕು. ಗುಮಾಸ್ತನ ತಾತ ಯಾರೆಂದು ಯಾರೂ ಕೇಳಿದ್ದಿಲ್ಲ; ಅವನು 'ಸ್ಥಳೀಯ'. ಇವಳ ಮನೆಯ ಮೂರು ತಲೆಮಾರಿಗೆ ಮೂರು ಅಕ್ಷರ, ಆದ್ದರಿಂದ ಮೂವರಿಗೂ ಸಂಬಂಧವೇ ಇಲ್ಲವೆಂದು ಕಚೇರಿ ಷರಾ ಬರೆದಿತ್ತು. ಅವಳು ಯಾವ ದೇಶದ ಪ್ರಜೆಯೂ ಅಲ್ಲ. ಸ್ವಂತ ಅಂಗಡಿ ತೆರೆಯಲು ಪರವಾನಗಿಯೂ ಇಲ್ಲ. ಅವನಿಗೆ ಮೈಯೆಲ್ಲ ಉರಿಯಿತು.

ಅವಳ ಮೇಲ್ಮನವಿಗೆ ಈ ಅಕ್ಷರಗಳ ವಿವರವನ್ನೆಲ್ಲ ಬರೆದು ಸೇರಿಸಿದ. ವಿಚಾರಣೆಗೇನೋ ದಿನ ಗೊತ್ತಾಯಿತು. ಆ ಸುದ್ದಿ ಹೇಳುವ ನೆಪ ಮುಗಿದ ಮೇಲೂ ಅವಳು ಹೊಲಿಯುವ ಕೋಣೆಗೆ ಹೋಗಬೇಕಲ್ಲ? ಅಂಗಿಯ ಗುಂಡಿ ತಾನೇ ಕಿತ್ತುಕೊಂಡು ಹೋದ.

"ಮತ್ತೆ ಬಂದ್ರಾ! ಬಂದವರು ನೀವೋ ನಾನೋ?" ಸೂಜಿಗೆ ದಾರ ಪೋಣಿಸುತ್ತ ಅವಳು ಓರೆಗಣ್ಣಲ್ಲಿ ನೋಡಿದಳು. "ನಾನಂತೂ ಮಾರ್ಕೆಟ್ ಬಸ್ಸಲ್ಲಿ ಬಂದೆ. ಬೇಕಾದ್ರೆ ಬರ್ಕೊಳ್ಳಿ."

"ನನ್ನ ಮದುವೆ ಆಗ್ತೀರಾ?" ಬಾಯಿಂದ ಜಾರಿಯೇ ಹೋಯಿತು.

ಸೂಜಿ ನಿಂತಿತು.

"ಇಷ್ಟ ಇಲ್ಲ ಅಂತಲ್ಲ," ಅವಳ ದನಿ ಸಣ್ಣಗಾಯಿತು. "ಮದುವೆಯಾದ್ರೆ ನಮ್ಮಲ್ಲಿ ಅಪ್ಪನ ಅಕ್ಷರ ಬಿಟ್ಟು ಗಂಡನ ಅಕ್ಷರ ಇಡ್ತಾರೆ. ಆಗ ನಿಮ್ಮ ಕಚೇರಿಗೆ ನಾನು ನಮ್ಮಪ್ಪನ ಮಗಳೇ ಅಲ್ಲ. ಮನವಿ ಬಿದ್ದೇ ಹೋಗುತ್ತೆ."

ಗುಮಾಸ್ತ ಒಂದು ಹೆಜ್ಜೆ ಮುಂದೆ ಬಂದ.

"ನಿಮ್ಮ 'ಮು.' ನಿಮ್ಮ ಹತ್ರಾನೇ ಇರಲಿ. ನಿಮ್ಮ ಹೆಸರಿನ ಅಕ್ಷರ ನಾನು ಇಟ್ಕೋತೀನಿ."

"ಅಯ್ಯೋ, ಹುಚ್ಚೇನ್ರೀ ನಿಮಗೆ? ನಾಳೆ ನಿಮ್ಮನ್ನೂ ಬಂದವರು ಅಂತಾರೆ!"

"ಅನ್ನಲಿ ಬಿಡಿ. ನಾನೂ ಅದೇ ಬಸ್ಸಲ್ಲೇ ಬಂದಿದ್ದು."

ಅವಳು ನಕ್ಕಳು, ಕಣ್ಣೊರೆಸಿಕೊಂಡಳು. ಗುಂಡಿ ಹೊಲಿದು ಮುಗಿಸಿ, ಅವನೆದೆಯ ಹತ್ತಿರ ಬಗ್ಗಿ ದಾರ ಕಚ್ಚಿ ತುಂಡರಿಸಿದಳು.

"ಹಾಗಾದ್ರೆ," ಅಂದಳು, "ಇದನ್ನ ಮಾತ್ರ ಮುಂದೂಡೋದು ಬೇಡ."