ಕೆಂಪು ಮಣ್ಣಿನ ಬಿಲ್ಲೆಗಳು

ಅಕ್ಟೋಬರ್ ಒಂಬತ್ತರ ಬೆಳಿಗ್ಗೆ ರುಮ್ಜಾ ಗ್ರಾಮದ ಗ್ಯಾಲ್ಸನ್ ಎಂಬಾತ ಲುಂಗ್ಡೊ ಪೊಲೀಸ್ ಠಾಣೆಗೆ ಬಂದು, ತಮ್ಮ ಮನೆತನದ ಸ್ತೂಪವನ್ನು ಯಾರೋ ಒಡೆದಿದ್ದಾರೆಂದು ದೂರು ಕೊಟ್ಟ. ಠಾಣೆಯ ಒಲೆ ಆಗಷ್ಟೇ ಹೊಗೆಯಾಡತೊಡಗಿತ್ತು. ಬೇಸಿಗೆಯುದ್ದಕ್ಕೂ ಪ್ರವಾಸಿಗಳ ಬೈಕ್ ಅಪಘಾತಗಳ ಪಂಚನಾಮೆ ಬರೆದು ದಣಿದಿದ್ದ ಇನ್‌ಸ್ಪೆಕ್ಟರ್ ಇಶೇ ಸ್ಪಲ್ಬಾರ್, ಹಿಮ ಬೀಳುವ ತನಕವಾದರೂ ಹೊಸ ಕೇಸು ಬಾರದಿರಲಿ ಎಂದುಕೊಂಡಿದ್ದರು.

"ಏನೇನು ಹೋಗಿದೆ?"

"ಗೊತ್ತಿಲ್ಲ, ಸರ್ ಲೆ," ಎಂದು ಗ್ಯಾಲ್ಸನ್ ಆ ಕಡೆಯ ಮರ್ಯಾದೆಯ 'ಲೆ' ಸೇರಿಸಿ ಹೇಳಿದ. "ನಾನು ಕೈ ಹಾಕಿ ನೋಡಿಲ್ಲ. ಪಾಪ ಅಲ್ವಾ?"

"ಒಡೆದಿದ್ದು ಯಾವಾಗ?"

"ನಿನ್ನೆ ಊರಿಗೆ ಊರೇ ಕೆಳಗಡೆ ಮದುವೆಗೆ ಹೋಗಿತ್ತು. ಸಂಜೆ ಬಂದು ನೋಡ್ತೀವಿ, ಗೋಡೇಲಿ ತೂತು!"

"ಯಾರ ಮೇಲಾದ್ರೂ ಅನುಮಾನ?"

"ಆ ಸೇವೆ ಗುಂಪಿನೋರ ಮೇಲೆ. ಹೋದ ವಾರ ಅದನ್ನ ಬಿಚ್ಚಿ ರಿಪೇರಿ ಮಾಡಿದ್ದೇ ಅವರು. ಒಳಗೆ ಏನಿದೆ ಅಂತ ಬೇರೆ ಯಾರಿಗೆ ಗೊತ್ತು?"

ಪೂಜಾಸ್ಥಳಕ್ಕೆ ಹಾನಿ ಮತ್ತು ಕಳವು ಎಂದು ಎಫ್ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಗುಲಾಮ್ ಹೈದರ್ ಜೀಪು ಹೊರಡಿಸಿದ. ರುಮ್ಜಾ ತಲುಪುವಾಗ ಹನ್ನೊಂದು ದಾಟಿತ್ತು. ಕೊನೆಯ ಏರನ್ನು ನಡೆದೇ ಹತ್ತಬೇಕಿತ್ತು. ಸ್ಪಲ್ಬಾರ್ ಎರಡು ಕಡೆ ನಿಂತು ಮಂಡಿ ಹಿಡಿದುಕೊಂಡರು.

ಸ್ತೂಪ ಗ್ಯಾಲ್ಸನ್‌ನ ಬಾರ್ಲಿ ಹೊಲದ ಮೇಲಿನ ದಿಬ್ಬದಲ್ಲಿತ್ತು. ಸುಣ್ಣ ಹೊಸದು. ಉತ್ತರದ ಮಗ್ಗುಲಿಗೆ ಒಬ್ಬನ ತೋಳು ಹೋಗುವಷ್ಟು ಕಂಡಿ. ಹೊರತೆಗೆದ ಇಟ್ಟಿಗೆಗಳಲ್ಲಿ ಒಂದೂ ಒಡೆದಿರಲಿಲ್ಲ. ಅವನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಪಕ್ಕದ ಕಲ್ಲಿನ ಮೇಲೆ ಬಿಳಿ ಶಾಲಿನಲ್ಲಿ ಸುತ್ತಿದ ಗಂಟು. ಸ್ಪಲ್ಬಾರ್ ಕೈ ಮುಗಿದು ಬಿಚ್ಚಿದರು. ಒಂದು ಹಿತ್ತಾಳೆಯ ಬುದ್ಧ, ಮಂತ್ರದ ಸುರುಳಿಗಳು, ಹಸಿರು ಫಿರೋಜಾ ಕಲ್ಲುಗಳು.

"ಇದೆಂಥಾ ಕಳ್ಳ, ಸರ್?" ಎಂದ ಹೈದರ್. "ಫಿರೋಜಾ ಬಿಟ್ಟು ಹೋಗಿದಾನೆ. ಇದನ್ನ ಮಾರಿದ್ರೆ ನನ್ನ ಮಗಳ ಮದುವೆ ಆಗುತ್ತೆ."

"ಬಾಯಿ ಮುಚ್ಚಿ ಬರಕೋ."

"ಬರಕೋತಿದೀನಿ. ಇನ್ನೊಂದು ನೋಡಿ. ಬೂಟಿನ ಗುರುತು ಸುತ್ತಲೂ ಇದೆ, ಎಲ್ಲಾ ಒಂದೇ ದಿಕ್ಕಿಗೆ. ಒಡೆಯೋಕೆ ಬಂದೋನು ಪ್ರದಕ್ಷಿಣೆ ಹಾಕಿದಾನೆ."

ಕಂಡಿಯ ಕೆಳಗೆ ಕೆಂಪು ಮಣ್ಣಿನ ಚೂರುಗಳು ಬಿದ್ದಿದ್ದವು. ರುಮ್ಜಾದ ಮಣ್ಣು ಬೂದು ಬಣ್ಣದ್ದು. ಸ್ಪಲ್ಬಾರ್ ಚೂರನ್ನು ಕಾಗದದಲ್ಲಿ ಮಡಿಚಿ ಮೊಹರು ಹಾಕಿಸಿದರು. ಇಬ್ಬರು ಪಂಚರ ಸಹಿಯಾಯಿತು.

ಸೇವೆಯ ಗುಂಪನ್ನು ನಡೆಸುತ್ತಿದ್ದವಳು ಛೋರೊಲ್ ಎಂಬ ನಿವೃತ್ತ ನರ್ಸ್. ಅವಳ ಜನ ಪಕ್ಕದ ಕಣಿವೆಯಲ್ಲಿ ಇನ್ನೊಂದು ಪಾಳು ಸ್ತೂಪದ ಬುಡದಲ್ಲಿ ಹುಲ್ಲು ಸೇರಿಸಿ ಮಣ್ಣು ತುಳಿಯುತ್ತಿದ್ದರು. ಎಲ್ಲರೂ ವಯಸ್ಸಾದವರೇ. ಪ್ರತಿ ಹಿಡಿ ಮಣ್ಣಿಗೂ ತುಟಿ ಅಲ್ಲಾಡುತ್ತಿತ್ತು. ಮಳೆ, ಹಿಮ, ಗಾಳಿ ಕರಗಿಸಿದ್ದನ್ನು ಮತ್ತೆ ನಿಲ್ಲಿಸುವುದೇ ಅವರ ಜಪ.

"ಅಚೆ ಲೆ, ರುಮ್ಜಾದ ಸ್ತೂಪ ಒಡೆದಿದಾರೆ," ಎಂದರು ಸ್ಪಲ್ಬಾರ್, ಅಕ್ಕನನ್ನು ಕರೆಯುವಂತೆ.

ಛೋರೊಲ್ ಮಣ್ಣಿನ ಕೈಯಲ್ಲೇ ಕುಕ್ಕರಿಸಿ ಕುಳಿತಳು. "ಹಿಮ ಒಡೆಯುತ್ತೆ ಅಂತ ನಾವು ಕಟ್ಟಿದ್ವಿ. ಈಗ ಮನುಷ್ಯರೂ ಶುರು ಮಾಡಿದ್ರಾ?"

"ಒಳಗೆ ಕೆಂಪು ಮಣ್ಣಿನದು ಏನಾದ್ರೂ ಇತ್ತಾ?"

ಅವಳು ತುಳಿದ ಮಣ್ಣಿನಿಂದ ಒಂದು ಹುಲ್ಲುಕಡ್ಡಿ ಕಿತ್ತಳು.

"ಬೂದಿ ಬಿಲ್ಲೆ. ಸತ್ತವರ ಚಿತೆಯ ಬೂದಿ ಕಲಸಿ ಅಚ್ಚು ಒತ್ತಿ ಇಡ್ತೀವಲ್ಲ, ಅವು. ಆ ಮನೆಯವರ ಹಿರಿಯರದೆಲ್ಲ ಬೂದು ಬಣ್ಣದವು. ಒಬ್ಬಳದು ಮಾತ್ರ ಕೆಂಪು."

"ಯಾರದು?"

"ಲ್ಹಾಝೆಸ್‌ದು. ಗ್ಯಾಲ್ಸನ್‌ನ ಮೊದಲ ಹೆಂಡತಿ. ಗ್ಯಾಂಬಕ್ ಊರಿನ ಹುಡುಗಿ. ಅಲ್ಲಿಯ ಮಣ್ಣು ಕೆಂಪು. ಅವಳ ಅಪ್ಪನೇ ತವರಿನ ಮಣ್ಣು ತಂದು ಒತ್ತಿದ್ದು."

"ಅಪ್ಪ ಈಗ ಎಲ್ಲಿದಾನೆ?"

"ನಮ್ಮ ಜೊತೇಲೇ ಇದ್ದ. ಮೆಮೆ ತುಂಡುಪ್, ನಮಗೆಲ್ಲ ಅಜ್ಜ ಇದ್ದ ಹಾಗೆ. ಮಗಳು ಹೋದ ಮೇಲೆ ಬಂದು ಸೇರಿಕೊಂಡ, ಪುಣ್ಯ ಅವಳಿಗೆ ಸೇರಲಿ ಅಂತ. ಹೋದ ವಾರ ಬಿಲ್ಲೆಗಳನ್ನ ಹೊರಗೆ ತೆಗೆದು ಬಟ್ಟೆ ಮೇಲೆ ಹರವಿದ್ವಿ. ಅವನು ಅದರ ಪಕ್ಕದಿಂದ ಏಳಲೇ ಇಲ್ಲ. ಊಟಕ್ಕೆ ಕರೆದ್ರೂ ಬರ್ಲಿಲ್ಲ. ನಿನ್ನೆಯಿಂದ ಕೆಲಸಕ್ಕೂ ಬಂದಿಲ್ಲ." ಅವಳು ಕಣ್ಣೊರೆಸಿಕೊಂಡಳು. ಕೆನ್ನೆಗೆ ಮಣ್ಣು ಮೆತ್ತಿತು. "ನಾನು ಹೇಳಬಾರದಿತ್ತು."

"ಹೇಳದಿದ್ರೂ ಗೊತ್ತಾಗ್ತಿತ್ತು, ಅಚೆ ಲೆ."

ರುಮ್ಜಾಕ್ಕೆ ಮರಳಿ ಗ್ಯಾಲ್ಸನ್‌ನನ್ನು ಕೂರಿಸಿ ವಿಚಾರಿಸಿದರು.

"ಮಾವ ಏನಾದ್ರೂ ಕೇಳಿದ್ರಾ ನಿನ್ನ?"

ಗ್ಯಾಲ್ಸನ್‌ನ ಮುಖ ಕೆಂಪಾಯಿತು. "ಕೇಳಿದ್ರು. ಮುಚ್ಚೋ ಮೊದಲು ಅವಳದನ್ನ ನಂಗೆ ಕೊಡು, ನಮ್ಮೂರ ಸ್ತೂಪದಲ್ಲಿ ಇಡ್ತೀನಿ ಅಂದ್ರು."

"ನೀನೇನಂದೆ?"

"ಆಗಲ್ಲ ಅಂದೆ. ಅವಳು ಈ ಮನೆ ಸೊಸೆ, ಈ ಮನೆಯವರ ಜೊತೆಗೇ ಇರಬೇಕು. ಕೊಟ್ಟುಬಿಟ್ರೆ ಊರವರು ಏನಂತಾರೆ? ಸತ್ತ ಮೇಲೂ ತವರಿಗೆ ಓಡಿಹೋದ್ಲು ಅನ್ನಲ್ವಾ?"

"ಸತ್ತ ಮೇಲೂ ಅಂದ್ರೆ? ಮೊದಲು ಓಡಿಹೋಗಿದ್ಲಾ?"

ಗ್ಯಾಲ್ಸನ್‌ನ ತಾಯಿ ಒಳಗಿನಿಂದ, "ಕೆಲಸಗಳ್ಳಿ ಆಗಿದ್ಲು, ಇನ್ನೇನು!" ಎಂದಳು. ಹೈದರ್ ಬರೆಯುವುದನ್ನು ನಿಲ್ಲಿಸಿ ಆ ಕಡೆ ನೋಡಿದ. ಲ್ಹಾಝೆಸ್ ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಎದೆಯ ಜ್ವರದಿಂದ ತೀರಿಕೊಂಡಿದ್ದಳು. ರಸ್ತೆ ಹಿಮದಲ್ಲಿ ಮುಚ್ಚಿತ್ತು. ಅದರಲ್ಲಿ ಪೊಲೀಸರಿಗೆ ಏನೂ ಕೆಲಸವಿರಲಿಲ್ಲ.

ಗ್ಯಾಂಬಕ್ ಮುಟ್ಟಿದಾಗ ಸಂಜೆ ನಾಲ್ಕೂವರೆ. ತುಂಡುಪ್ ಊರ ಮೇಲಿನ ಸಣ್ಣ ಸ್ತೂಪದ ಬಳಿ ಸುಣ್ಣದ ಡಬ್ಬಿ ತೊಳೆಯುತ್ತಿದ್ದ. ಸುಣ್ಣ ಇನ್ನೂ ಹಸಿಯಾಗಿತ್ತು. ಸಮವಸ್ತ್ರ ಕಂಡು ಎದ್ದು ನಿಂತು ನಮಸ್ಕರಿಸಿದ.

"ಜುಲೆ. ಟೀ ಕುಡಿದು ಹೋಗೋಣ. ದೂರದಿಂದ ಬಂದಿದೀರಿ."

"ಮೊದಲು ಹೇಳಿ, ಮೆಮೆ ಲೆ. ಬಿಲ್ಲೆ ಎಲ್ಲಿ?"

ಅವನು ಸ್ತೂಪದ ಕಡೆ ಗಲ್ಲ ಎತ್ತಿ ತೋರಿಸಿದ.

"ಒಡೆದಿದ್ದು ನೀವೇನಾ?"

"ನಾನೇ. ಮತ್ತೆ ಮುಚ್ಚೋಕೆ ಮಣ್ಣು ಕಲಸಿಟ್ಟಿದ್ದೆ. ಮದುವೆಯವರ ಡೋಲು ಹತ್ತಿರ ಕೇಳಿಸ್ತು, ಬಂದುಬಿಟ್ಟೆ. ಅದೊಂದು ತಪ್ಪಾಯ್ತು. ಕಂಡಿ ಹಾಗೇ ಬಿಟ್ರೆ ಹಿಮ ಒಳಗೆ ಹೋಗುತ್ತೆ. ಛೋರೊಲ್‌ಗೆ ಹೇಳಿ ಮುಚ್ಚಿಸಿ."

ಕದ್ದ ವಸ್ತು ವಶಪಡಿಸಿಕೊಳ್ಳಬೇಕಿತ್ತು. ಅದಕ್ಕೆ ಈ ಸ್ತೂಪವನ್ನೂ ಒಡೆಯಬೇಕಿತ್ತು. ಸ್ಪಲ್ಬಾರ್ ಹಸಿ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಹೈದರ್ ಹತ್ತಿರ ಬಂದು ದನಿ ತಗ್ಗಿಸಿದ. "ನನ್ನ ಕೈಲಿ ಒಡೆಸೋಣ ಅಂತ ಯೋಚನೆ ಮಾಡ್ತಿದೀರಾ, ಸರ್? ಬೇಡ. ನಮ್ಮ ಕಡೆ ಇದನ್ನ ಗೋರಿ ಅಂತೀವಿ. ನನಗೂ ಪಾಪ ಬರುತ್ತೆ."

"ನಿನಗೆ ಹೇಳಿದ್ನಾ?"

"ಹೇಳೋ ಮುಂಚೆ ಹೇಳ್ದೆ."

ಸ್ಪಲ್ಬಾರ್ ಊರ ಮುಖಂಡನನ್ನು ಕರೆಸಿದರು. ವಸ್ತುಗಳು ಈ ಸ್ತೂಪದಲ್ಲಿರುವುದಾಗಿ ಆರೋಪಿ ತೋರಿಸಿದ್ದಾನೆ, ನ್ಯಾಯಾಲಯದ ಆದೇಶ ಬರುವ ತನಕ ಅವು ಇದ್ದಲ್ಲೇ ಮುಖಂಡನ ಸುಪರ್ದಿನಲ್ಲಿರತಕ್ಕದ್ದು ಎಂದು ಪಂಚನಾಮೆ ಬರೆಸಿದರು. ಮೇಲಿನವರು ಇದನ್ನು ಒಪ್ಪುತ್ತಾರೋ ಇಲ್ಲವೋ ಅವರಿಗೇ ಖಾತ್ರಿಯಿರಲಿಲ್ಲ. ಕೇಳಿದಾಗ ನೋಡಿಕೊಳ್ಳೋಣ ಎಂದುಕೊಂಡರು. ಐದೂ ಇಪ್ಪತ್ತಕ್ಕೆ ದಸ್ತಗಿರಿ ದಾಖಲಾಯಿತು. ಬೇಡಿ ಹಾಕಲಿಲ್ಲ. ಮುದುಕ ತಾನೇ ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತ.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಸ್ಪಲ್ಬಾರ್ ಕೇಳಿದರು. "ಅಷ್ಟು ವರ್ಷ ಸ್ತೂಪ ಕಟ್ಟಿದೋರು. ಒಡೆಯೋದು ಎಂಥಾ ಪಾಪ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಕಟ್ಟಿದ ಪುಣ್ಯ ಎಲ್ಲಾ ಅವಳಿಗೆ ಕೊಟ್ಟಿದೀನಿ, ನಂಗೆ ಏನೂ ಇಟ್ಕೊಂಡಿಲ್ಲ. ಈ ಪಾಪ ನನ್ನೊಬ್ಬಂದೇ."

"ಅಳಿಯನ ಮೇಲೆ ಕೋಪಾನಾ?"

ಅವನು ತಲೆ ಅಲ್ಲಾಡಿಸಿದ. "ಅವನದೇನು? ಫೋನು ಮಾಡಿದಾಗೆಲ್ಲ ಅವಳು ಕೇಳ್ತಿದ್ಲು. ಅಬಾ, ಬಂದು ಕರ್ಕೊಂಡು ಹೋಗು, ಇಲ್ಲಿ ಇರಕ್ಕಾಗಲ್ಲ ಅಂತ. ನಾನೇ ಹೇಳ್ತಿದ್ದೆ, ಹೊಂದಿಕೊಂಡು ಹೋಗು, ಊರವರು ನಗ್ತಾರೆ ಅಂತ. ಆಮೇಲೆ ಅವಳು ಕೇಳೋದನ್ನೇ ಬಿಟ್ಳು. ಅರಾಮಾಗಿದಾಳೆ ಅಂದ್ಕೊಂಡೆ."

ಪೂಜಾಸ್ಥಳಕ್ಕೆ ಹಾನಿಯ ಕಲಮಿನ ಪ್ರಕಾರ ಶಿಕ್ಷೆಯಾಗಬೇಕಾದರೆ ಧರ್ಮವನ್ನು ಅವಮಾನಿಸುವ ಉದ್ದೇಶವಿರಬೇಕು. ಅಂಥ ಉದ್ದೇಶ ಕಂಡುಬಂದಿಲ್ಲ ಎಂದು ಸ್ಪಲ್ಬಾರ್ ಬರೆದರು. ಕಾರಣ ಏನೆಂದು ಬರೆಯುವಲ್ಲಿ ಸ್ವಲ್ಪ ತಡವಾಯಿತು. ಕೊನೆಗೆ ಮುದುಕ ಹೇಳಿದ್ದನ್ನು ಅವನದೇ ಮಾತಿನಲ್ಲಿ ಬರೆದು ಓದಿ ಹೇಳಿದರು.

"ಸರಿಯಾಗಿದೆಯಾ, ಮೆಮೆ ಲೆ? ಇನ್ನೇನಾದ್ರೂ ಸೇರಿಸಬೇಕಾ?"

ತುಂಡುಪ್ ಹಾಳೆಯ ಮೇಲೆ ಬೆರಳಿಟ್ಟ.

"ಕರ್ಕೊಂಡು ಬಂದೆ ಅಂತ ಬರೀರಿ. ಕದ್ದೆ ಅನ್ನೋದು ಬೇಡ."